ಇಳಿಸುವ ದಿನ

ಈಗ ಬರುತ್ತಿರುವ ಧಾರಾವಾಹಿಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ. ಕೇಳಿದರೆ ಬಾಯಿಂದ ಬೈಗುಳವೇ ಬರುವುದು. ‘ಸೆರಗಿನ ಗಂಟಿ’ನ ಸೊಸೆ ಮೂರು ತಿಂಗಳಿನಿಂದ ಒಂದೇ ಮೆಟ್ಟಿಲನ್ನು ಇಳಿಯುತ್ತಿದ್ದಾಳೆ, ಇನ್ನೂ ನೆಲ ಮುಟ್ಟಿಲ್ಲ. ‘ಹನ್ನೊಂದು ಬಾಗಿಲ ಮನೆ’ಯಲ್ಲಿ ಒಬ್ಬರೂ ಒಂದು ತುತ್ತು ಉಣ್ಣುವುದಿಲ್ಲ. ಊಟದ ಮೇಜಿನ ಸುತ್ತ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಾರೆ, ನೋಡಿದಾಗಲೆಲ್ಲ ಎಲ್ಲಿಂದಲೋ ಗುಡುಗು ಹೊಡೆಯುತ್ತದೆ. ಹಾಡಿನ ಸ್ಪರ್ಧೆ ಒಂದಿದೆ. ಅದರಲ್ಲಿ ಹಾಡುವ ಹುಡುಗಿಗಿಂತ ಮೂಲೆಯಲ್ಲಿ ಕೂತು ಮೂಗು ಒರೆಸಿಕೊಳ್ಳುವ ಅವಳ ತಾಯಿಯನ್ನೇ ಜಾಸ್ತಿ ಹೊತ್ತು ತೋರಿಸುತ್ತಾರೆ. ನಮ್ಮೂರಿನವರು ಇದನ್ನೆಲ್ಲ ರೆಪ್ಪೆ ಬಡಿಯದೆ ನೋಡಿ, ಬೆಳಗಾದರೆ ನಲ್ಲಿಯ ಹತ್ತಿರ, ಹೋಟೆಲಿನ ಬೆಂಚಿನ ಮೇಲೆ, ನನ್ನ ಪಂಚರ್ ಅಂಗಡಿಯ ಮುಂದೆ ಪಂಚಾಯಿತಿ ಹೂಡುತ್ತಾರೆ. ನಾನು ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು ನೋಡುತ್ತ ಕೂತಿದ್ದರೆ ಅವರ ಮಾತು ನನ್ನ ತಲೆಯ ಮೇಲೆ ಸುರಿಯುತ್ತಿರುತ್ತದೆ.

“ನಿನ್ನೇದು ಪರವಾಗಿಲ್ಲ ಕಣಯ್ಯ. ಅಳು ಗಟ್ಟಿಯಾಗಿತ್ತು.”

“ಯಾರ ಮನೇದಂತೆ?”

“ಕುಂಬಾರ ಬೀದೀದು ಅಂತಿದ್ರು.”

“ಮತ್ತೆ! ಕುಂಬಾರ ಬೀದಿಯೋರದು ಯಾವತ್ತೂ ಗಟ್ಟಿನೇ. ಮೇಲಿನ ಬೀದಿಯೋರು ಇಳಿಸ್ತಾರೆ ನೋಡು, ಬರೀ ನೀರು ಮಜ್ಜಿಗೆ.”

ನಮ್ಮೂರಲ್ಲಿ ಟೀವಿಗೆ ದುಡ್ಡು ಕೊಡುವ ಪದ್ಧತಿ ಇಲ್ಲ. ತಿಂಗಳಿಗೊಮ್ಮೆ ಕೇಬಲ್ ಕಚೇರಿಯಿಂದ ನಾಗಭೂಷಣ ಎನ್ನುವವನು ಮನೆಗೆ ಬರುತ್ತಾನೆ. ಚಪ್ಪಲಿ ಹೊರಗೆ ಬಿಡುತ್ತಾನೆ, ನೀರು ಕೊಟ್ಟರೆ ಎತ್ತಿ ಕುಡಿಯುತ್ತಾನೆ, ಬಲು ಮರ್ಯಾದಸ್ಥ. ಟಿಫಿನ್ ಡಬ್ಬಿಯಷ್ಟು ದೊಡ್ಡ ಕರಿ ಪೆಟ್ಟಿಗೆಯೊಂದನ್ನು ನೆಲದ ಮೇಲಿಟ್ಟು “ಹೇಳಿ” ಎನ್ನುತ್ತಾನೆ. ಮನೆಯವರು ತಮ್ಮ ದುಃಖ ಒಂದನ್ನು ಅದರ ಮುಂದೆ ಹೇಳಬೇಕು. ನಿಲ್ಲಿಸಿದರೆ ಅವನು “ಆಮೇಲೆ?” ಎನ್ನುತ್ತಾನೆ. ಅದು ಬಿಟ್ಟು ಬೇರೆ ಮಾತಾಡುವುದಿಲ್ಲ. ಇದಕ್ಕೆ ನಾವು ಇಳಿಸುವುದು ಅನ್ನುತ್ತೇವೆ. ಇಳಿಸಿದ ಕೆಲವು ದಿನಕ್ಕೆ ಆ ದುಃಖ ಯಾವುದಾದರೊಂದು ಧಾರಾವಾಹಿಯಲ್ಲಿ ಬರುತ್ತದೆ, ಒಂದೇ ಸಲ. ಅದರಲ್ಲಿ ಪಾಲಿದ್ದವರು ನೋಡಿದರೆ ಅಲ್ಲಿಂದಾಚೆಗೆ ಅವರಿಗೆ ಅದು ಬರೀ ಧಾರಾವಾಹಿಯ ಕಥೆ. ‘ಇದು ನಿಮ್ಮ ಮನೇದೇ ಕಣ್ರೀ’ ಎಂದು ಯಾರಾದರೂ ಹೇಳಿದರೂ ತಲೆಗೆ ಹತ್ತುವುದಿಲ್ಲ, ‘ಇರಬಹುದೇನೋ’ ಅಂದು ಎದ್ದು ಕೆಲಸ ನೋಡಿಕೊಳ್ಳುತ್ತಾರೆ. ಹಾಗಾಗಿ ತಮ್ಮ ಮನೆಯದು ಬರುವ ದಿನ ಜನ ತಲೆಗೆ ಎರೆದುಕೊಂಡು, ಶಾವಿಗೆ ಪಾಯಸ ಮಾಡಿ, ಅಕ್ಕಪಕ್ಕದವರನ್ನು ಕರೆದು, ಮನೆಮಂದಿಯೆಲ್ಲ ಸಾಲಾಗಿ ಕೂರುತ್ತಾರೆ. ಒಬ್ಬರೂ ತಪ್ಪಿಸಿಕೊಳ್ಳುವಂತಿಲ್ಲ. ಕ್ಷೌರದ ನಂಜುಂಡ ಒಮ್ಮೆ ಬಸ್ಸು ಕೆಟ್ಟು ತಡವಾಗಿ ಬಂದ. ಅವನ ಹೆಂಡತಿಯ ಕಾಯಿಲೆಯ ಕಂತು ಮುಗಿದುಹೋಗಿತ್ತು. ಈಗಲೂ ಅವನ ಮಕ್ಕಳು ನಗುನಗುತ್ತ ಉಣ್ಣುವಾಗ ಅವನೊಬ್ಬ ಗೋಡೆಗೆ ಮುಖ ಮಾಡಿ ಕೂರುತ್ತಾನೆ. “ಅಪ್ಪಾ, ಯಾಕೆ ಅಳ್ತೀಯ?” ಎಂದು ಮಕ್ಕಳು ಕೇಳುತ್ತವೆ. ಅವನು ಏನು ಹೇಳಬೇಕು?

ದುಃಖದ ತೂಕ ನೋಡಿ ಚಾನೆಲ್ಲು. ನಾದಿನಿಯ ಜಗಳಕ್ಕೆ ಒಂದು ಧಾರಾವಾಹಿ, ಒಂದು ಅಡುಗೆ ಕಾರ್ಯಕ್ರಮ. ಮದುವೆ ಮುರಿದದ್ದಕ್ಕೆ ಸಿನಿಮಾ ಚಾನೆಲ್ಲೂ ಸೇರುತ್ತದೆ. ಸಾವಿಗೆ ಎಲ್ಲ ಚಾನೆಲ್ಲು, ಬದುಕಿರುವ ತನಕ. ಎಣ್ಣೆ ಗಿರಣಿಯ ಪುಟ್ಟರುದ್ರಪ್ಪನವರ ಮನೆಯಲ್ಲಿ ಅಂಗೈಯಗಲದ ದುಃಖವೂ ಇಲ್ಲ. ಆದರೆ ಗೋಡೆಯಷ್ಟು ದೊಡ್ಡ ಟೀವಿ ಇದೆ. ಅದಕ್ಕಾಗಿ ಅವರು ದೂರದೂರಿನಿಂದ ಒಬ್ಬ ಬಡವರ ಹುಡುಗಿಯನ್ನು ಸೊಸೆಯಾಗಿ ತಂದುಕೊಂಡಿದ್ದಾರೆ. ತಿಂಗಳ ಕೊನೆ ಹತ್ತಿರವಾದಂತೆ ಆ ಮನೆಯಿಂದ ಪಾತ್ರೆ ಎಸೆಯುವ ಸದ್ದು ಬರುತ್ತದೆ. ನಾಗಭೂಷಣ ಬಂದು ಹೋಗುತ್ತಾನೆ. ಕಂತು ಬರುತ್ತದೆ. ಹುಡುಗಿಯೂ ನೋಡುತ್ತಾಳೆ, ಮಾರನೆಯ ಬೆಳಿಗ್ಗೆ ಹೊಸ ಮದುಮಗಳ ಹಾಗೆ ಅಂಗಳಕ್ಕೆ ರಂಗೋಲಿ ಹಾಕುತ್ತಿರುತ್ತಾಳೆ. ಮತ್ತೆ ಮುಂದಿನ ತಿಂಗಳು ಮೊದಲಿನಿಂದ ಶುರು. ಊರಿನಲ್ಲಿ ಎಲ್ಲರಿಗೂ ಗೊತ್ತು. “ಅವರ ಮನೇದೂ ಈಚೆಗೆ ಸುಧಾರಿಸೈತೆ” ಅನ್ನುತ್ತಾರೆ.

ನಾನು ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟೆನಂತೆ. ಯಾಕೆ ಬಿಟ್ಟೆ ಎನ್ನುವುದು ನನಗೆ ಗೊತ್ತಿಲ್ಲ, ಊರಿಗೆ ಗೊತ್ತಿದೆ. ಪಂಚರ್ ಹಾಕಿಸಲು ಬಂದವರು “ನಿನ್ನ ಕಂತಲ್ಲಿ ಆ ಮೇಷ್ಟ್ರು ಮಾಡಿದ್ದೋನು ಸಕತ್ತಾಗಿ ಮಾಡಿದ್ದ ಕಣೋ, ಬೆತ್ತ ಹಿಡಿಯೋ ಸ್ಟೈಲೇ ಸ್ಟೈಲು” ಎಂದು ಮೆಚ್ಚಿಕೊಳ್ಳುತ್ತಾರೆ. ಅಪ್ಪನದೂ ಹಾಗೇ. ಅಪ್ಪ ಎನ್ನುವವನೊಬ್ಬ ಇದ್ದಿರಲೇಬೇಕಲ್ಲ. ಅವನದು ಬಂದ ದಿನ ಅವ್ವ, ಅಣ್ಣ, ನಾನು ಮೂವರೂ ಸಾಲಾಗಿ ಕೂತು ಪಾಯಸ ತಿಂದೆವಂತೆ. ಪಾಯಸದ ರುಚಿ ಮಾತ್ರ ನೆನಪಿದೆ. ಶಾವಿಗೆ ಸ್ವಲ್ಪ ಮುದ್ದೆಯಾಗಿತ್ತು.

ಈಗ ಅಣ್ಣನ ವಿಷಯ ಹೇಳುತ್ತೇನೆ. ಇದು ಇನ್ನೂ ನನ್ನ ಹತ್ತಿರವೇ ಇದೆ.

ಅಣ್ಣ ಓಬಳೇಶ ಕೇಬಲ್ ಕಚೇರಿಯಲ್ಲೇ ವಯರ್ ಎಳೆಯುವ ಕೆಲಸ ಮಾಡುತ್ತಿದ್ದ. ನಮ್ಮಲ್ಲಿ ಕೇಬಲ್ ವಯರು ಕರೆಂಟಿನ ಕಂಬದ ಮೇಲೇ ಹೋಗುತ್ತದೆ. ಕಂಬ ಹತ್ತುವ ಮೊದಲು ಕರೆಂಟ್ ಆಫೀಸಿಗೆ ಹೇಳಿ ಆ ಲೈನು ತೆಗೆಸಬೇಕು. ಅಣ್ಣ ಯಾವತ್ತೂ ತೆಗೆಸದೆ ಹತ್ತಿದವನಲ್ಲ. ‘ಸೆರಗಿನ ಗಂಟಿ’ನ ಮಹಾಸಂಚಿಕೆಯ ಸಂಜೆ ಗಾಳಿ ಮಳೆಗೆ ಸಂತೆ ಮೈದಾನದ ಕಂಬದಲ್ಲಿ ವಯರು ಕಿತ್ತುಹೋಯಿತು. ಅರ್ಧ ಊರಿನ ಪರದೆ ಕಪ್ಪಾಯಿತು. ಅಣ್ಣ ಮನೆಯಲ್ಲಿ ಮುದ್ದೆ ಮುರಿಯುತ್ತ ಕೂತಿದ್ದ. ಕೈ ಎಂಜಲಾಗಿದ್ದರಿಂದ, ಫೋನು ಬಂದಾಗ ಸ್ಪೀಕರಿಗೆ ಹಾಕವ್ವ ಅಂದ. ಕಚೇರಿಯ ಮ್ಯಾನೇಜರ್ ಸದಾನಂದಪ್ಪ. ಅವನು ಹೇಳಿದ್ದನ್ನು ಅವ್ವ ತನ್ನ ಕಿವಿಯಾರೆ ಕೇಳಿದಳು.

“ಓಬಳೇಶ, ಕರೆಂಟು ತೆಗೆಸೋ ಮಾತೇ ಬ್ಯಾಡ. ಉಳಿದರ್ಧ ಊರು ನೋಡ್ತಾ ಐತೆ. ಹಂಗೇ ಹತ್ತು.”

“ಸಾರ್, ಕಂಬ ನೆಂದೈತೆ.”

“ನೆಂದ್ರೇನು, ನೀನೇನು ಸಕ್ಕರೆ ಗೊಂಬೆನಾ? ಹತ್ತಯ್ಯ. ನಾನಿದ್ದೀನಿ.”

ಅಣ್ಣ ಅರ್ಧ ಮುದ್ದೆ ಬಿಟ್ಟು ಎದ್ದ. “ಮುಚ್ಚಿಡವ್ವ, ಬಂದು ಉಣ್ತೀನಿ” ಅಂದನಂತೆ.

ನಾನು ಅಂಗಡಿ ಮುಚ್ಚುತ್ತಿದ್ದೆ. ಸಂತೆ ಮೈದಾನದ ಕಡೆಯ ಮನೆಗಳಿಂದ “ಬಂತು, ಬಂತು” ಎಂದು ಒಟ್ಟಿಗೆ ಕೂಗು ಎದ್ದಿತು. ಪರದೆಗಳು ಬೆಳಗಿದ್ದವು. ಅಣ್ಣ ವಯರು ಜೋಡಿಸಿದ್ದ. ಆಮೇಲೆ ಬಿದ್ದ. ನಾನು ಓಡಿಹೋಗಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂಗಿದೆ. ಗಂಟಲು ಹರಿಯುವ ಹಾಗೆ ಕೂಗಿದೆ. ಒಂದು ಬಾಗಿಲೂ ತೆರೆಯಲಿಲ್ಲ. ಬಾಗಿಲುಗಳ ಸಂದಿಯಿಂದ ಎಲ್ಲ ಮನೆಯೊಳಗೂ ಒಬ್ಬಳೇ ಸೊಸೆ ಅಳುವುದು ಕೇಳಿಸುತ್ತಿತ್ತು.

ಕಚೇರಿಯವರು ಏನೆಂದರು ಗೊತ್ತೇ? ಅವನು ಯಾರಿಗೂ ಹೇಳದೆ ತಾನೇ ಹತ್ತಿದ, ನಾವು ಫೋನೇ ಮಾಡಿಲ್ಲ ಎಂದರು. ನಾನು ಜಿಲ್ಲಾ ಕಚೇರಿಗೆ ಹೋಗಿ ಕೂಗಾಡಿ ವಿಚಾರಣೆ ನಡೆಯುವಂತೆ ಮಾಡಿದೆ. ವಿಚಾರಣೆಯ ಸಾಹೇಬರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. “ಆ ಫೋನಿನ ಮಾತು ನೀನು ಕೇಳಿದೆಯಾ?”

“ಇಲ್ಲ ಸಾರ್. ನಮ್ಮವ್ವ ಕೇಳಿದಾಳೆ.”

“ಹಾಗಾದ್ರೆ ಅವರೇ ಬಂದು ಹೇಳಬೇಕಪ್ಪ. ಸೋಮವಾರ ನಿಮ್ಮೂರಿಗೇ ಬರ್ತೀನಿ. ಕರ್ಕೊಂಡು ಬಾ.”

ಅಷ್ಟೇ ಬೇಕಾಗಿದ್ದುದು. ಸೋಮವಾರದ ತನಕ ಅವ್ವ ಅಣ್ಣನನ್ನು ಇಟ್ಟುಕೊಂಡಿದ್ದರೆ ಸಾಕಿತ್ತು.

ಮನೆಗೆ ಸಮಾಧಾನ ಹೇಳಲು ಜನ ಬಂದರು. ಒಬ್ಬೊಬ್ಬರೂ ಬಾಗಿಲಲ್ಲಿ ಕಾಲು ತೊಳೆದುಕೊಂಡು, ಅವ್ವನ ಕೈ ಹಿಡಿದು, ಲೊಚಗುಟ್ಟಿ, ಆಮೇಲೆ ಮೆಲ್ಲಗೆ ಕೇಳುತ್ತಿದ್ದರು. “ಯಾವಾಗ ಇಳಿಸ್ತೀರಿ?” ಈಚೆಗೆ ಧಾರಾವಾಹಿ ಸಪ್ಪೆಯಾಗಿತ್ತಲ್ಲ, ಊರಿಗೆ ನಾಲಿಗೆ ಕೆಟ್ಟಿತ್ತು. ಕುಂಬಾರ ಬೀದಿಯಲ್ಲೂ ಬಹಳ ದಿನದಿಂದ ಏನೂ ಆಗಿರಲಿಲ್ಲ. ಗಿರಣಿಯ ಪುಟ್ಟರುದ್ರಪ್ಪನವರು ಸ್ವತಃ ಬಂದು ಒಂದು ಡಬ್ಬ ಎಣ್ಣೆ ಇಟ್ಟು, “ಎದೆ ಕಲ್ಲು ಮಾಡ್ಕೋಬಾರದು ತಾಯಿ. ಇಳಿಸಿಬಿಡಬೇಕು. ಎಲ್ರೂ ಕಾಯ್ತಾ ಅವ್ರೆ” ಅಂದರು. ಡಬ್ಬವನ್ನು ಅವರ ಹಿಂದೆಯೇ ಬೀದಿಗೆ ಎಸೆದೆ.

ಪಕ್ಕದ ಮನೆಯ ಮಾಬೂಬಿ ಒಬ್ಬಳು ಮಾತ್ರ ಹಾಗೆ ಕೇಳಲಿಲ್ಲ. ಅಣ್ಣನಿಗೂ ನನಗೂ ಚಿಕ್ಕಂದಿನಲ್ಲಿ ಸ್ನಾನ ಮಾಡಿಸಿದವಳು ಅವಳು. ದಿನಾ ಗಂಜಿ ತಂದು ಅವ್ವನ ಮುಂದೆ ಇಡುತ್ತಿದ್ದಳು, ಹಾಗೇ ವಾಪಸ್ಸು ಒಯ್ಯುತ್ತಿದ್ದಳು. ಅವ್ವ ಉಣ್ಣುತ್ತಿರಲಿಲ್ಲ. ಅಣ್ಣ ಬಿಟ್ಟುಹೋದ ಅರ್ಧ ಮುದ್ದೆಯ ತಟ್ಟೆಯನ್ನು ತೊಳೆಯಲು ಬಿಡಲಿಲ್ಲ. ಅದು ಒಣಗಿ ಕಲ್ಲಾಗಿತ್ತು. ಅದರ ಮುಂದೆ ಕೂತು ಅದರ ಮೇಲಿನ ನೊಣ ಓಡಿಸುತ್ತಿದ್ದಳು, ಅಷ್ಟೇ ಅವಳ ಕೆಲಸ.

ನಾಗಭೂಷಣ ಬಂದ. ಚಪ್ಪಲಿ ಬಿಟ್ಟ. ಪೆಟ್ಟಿಗೆಯನ್ನು ಚೀಲದಿಂದ ತೆಗೆಯುವಷ್ಟರಲ್ಲಿ ನಾನು ಅವನ ಕೊರಳಪಟ್ಟಿ ಹಿಡಿದೆ.

“ನಿಮ್ಮೋರೇ ಕೊಂದು ನೀವೇ ಕೇಳಾಕೆ ಬಂದ್ರೇನೋ?”

“ನಾನು ಬಲವಂತ ಮಾಡಲ್ಲಪ್ಪ” ಎಂದ. ಅವನ ದನಿ ಬೆಣ್ಣೆಯ ಹಾಗಿತ್ತು. “ತಾಯಿಯೋರಿಗೆ ಯಾವಾಗ ಬೇಕೋ ಆವಾಗ. ಸಾವು ಅಂದ್ರೆ ಎಲ್ಲಾ ಚಾನೆಲ್ಲೂ ಬರ್ತಾವೆ, ಜೀವನಪೂರ್ತಿ. ಯೋಚ್ನೆ ಮಾಡ್ಲಿ.”

“ಚಾನೆಲ್ಲು ನಿನ್ನ ಹೆಣದ ಮೇಲೆ ಹಾಕ್ಕೋ, ಹೋಗು.”

ಅವನು ಹೋಗುವಾಗ ಅವ್ವ ತಲೆ ಎತ್ತಿ ಅವನ ಚೀಲವನ್ನೇ ನೋಡಿದಳು. ಬಾಯಾರಿದವರು ಬಿಂದಿಗೆ ನೋಡುವ ಹಾಗೆ. ನಾನು ಟೀವಿಗೆ ದುಪ್ಪಟಿ ಸುತ್ತಿ ಹಗ್ಗ ಬಿಗಿದೆ.

“ಸೋಮವಾರದ ತನಕ ಕಣವ್ವ” ಎಂದೆ. “ಸದಾನಂದಪ್ಪ ಏನಂದ ಅಂತ ಸಾಹೇಬರ ಮುಂದೆ ಹೇಳು. ಅವನು ಒಳಗೆ ಹೋಗ್ಲಿ. ಆಮೇಲೆ ಇಳಿಸ್ತೀಯೋ, ಬಾವಿಗೆ ಹಾಕ್ತೀಯೋ, ನಿನ್ನಿಷ್ಟ.”

ಅವ್ವ ತಟ್ಟೆಯ ಮೇಲಿನ ನೊಣ ಓಡಿಸಿದಳು. ಆಮೇಲೆ ಹೇಳಿದಳು. “ನಿನಗೆ ಸಿಟ್ಟೈತೆ ತಿಪ್ಪ. ಅದನ್ನ ಹಿಡ್ಕೊಂಡು ನಿಂತ್ಕೋತೀಯ, ನಡೀತೀಯ, ಊರೆಲ್ಲ ಬೈತೀಯ. ನನಗೆ ಹಿಡ್ಕೊಳ್ಳಾಕೆ ಏನೈತೆ ಹೇಳು?”

ಅವಳ ಮೇಲೂ ಸಿಟ್ಟು ಬಂತು. “ಮಗನ ಸಾವನ್ನ ಸೊಸೆ ಅಳೋ ಧಾರಾವಾಹೀಗೆ ಹಾಕ್ತೀಯೇನವ್ವ” ಎಂದು ಕೂಗಿ ಹೊರಗೆ ಹೋದೆ.

ಎರಡು ದಿನ ಬಿಟ್ಟು ಅಂಗಡಿಯಿಂದ ಮಧ್ಯಾಹ್ನ ಬಂದಾಗ ಅವ್ವ ಉಣ್ಣುತ್ತಿದ್ದಳು. ತಲೆ ಬಾಚಿಕೊಂಡಿದ್ದಳು. ಅಣ್ಣನ ತಟ್ಟೆ ಇನ್ನೂ ಅಲ್ಲೇ ಇತ್ತು, ಆದರೆ ಅವಳು ತನ್ನ ತಟ್ಟೆಗೆ ಅನ್ನ ಹಾಕಿಕೊಂಡು ಸಾರಿನಲ್ಲಿ ಕಲಸುತ್ತಿದ್ದಳು. ನನಗೆ ಅರ್ಥವಾಯಿತು. ಚೌಕಟ್ಟು ಹಿಡಿದುಕೊಂಡು ನಿಂತೆ.

“ಎಲ್ಲಾ ಹೇಳಿದ್ಯಾ?”

“ಹೂಂ.”

“ಫೋನಿಂದೂ?”

“ಅದನ್ನೂ ಹೇಳ್ದೆ ಕಣಪ್ಪ. ಆಮೇಲೆ, ಆಮೇಲೆ ಅಂತಾನೇ ಇದ್ದ. ನಿಮ್ಮಣ್ಣ ಹುಟ್ಟಿದಾಗಿನಿಂದ ಹೇಳ್ದೆ.” ಅವಳು ತುತ್ತು ನುಂಗಿ ನೀರು ಕುಡಿದಳು. “ಭಾನುವಾರ ಮಧ್ಯಾಹ್ನ ಬತ್ತೈತಂತೆ. ಇನ್ನೂ ಇಲ್ಲೇ ಐತೆ, ನೋಡೋ ತನಕ ಹೋಗಲ್ಲ. ಆದ್ರೆ ಹೋಗ್ತೈತೆ ಅಂತ ಗೊತ್ತಾದ್ರೇನೇ ಅನ್ನ ಇಳೀತೈತೆ.”

ಭಾನುವಾರ. ಸೋಮವಾರಕ್ಕೆ ಒಂದು ದಿನ ಮೊದಲು. ಕಚೇರಿಯವರು ದಡ್ಡರಲ್ಲ. ನಾನು ಓಡಿಹೋಗಿ ನಾಗಭೂಷಣನನ್ನು ಹಿಡಿದೆ. ಹೋದ ಸಲ ಕೊರಳಪಟ್ಟಿಗೆ ಹಾಕಿದ್ದ ಕೈಯಿಂದಲೇ ಅವನ ಕಾಲು ಮುಟ್ಟಿದೆ. “ಮಂಗಳವಾರಕ್ಕೆ ಹಾಕ್ಸಿ ಸಾರ್. ಎರಡು ದಿನ ಅಷ್ಟೇ.”

“ಅದು ನಮ್ಮ ಕೈಲಿಲ್ಲವಲ್ಲಪ್ಪ” ಎಂದ, ನಿಜವಾಗಿಯೂ ಬೇಜಾರಾದವನ ಹಾಗೆ.

ಅವ್ವನನ್ನೂ ಕೇಳಿದೆ. ಭಾನುವಾರ ಬಸ್ಸು ಹತ್ತಿ ಎಲ್ಲಾದರೂ ಹೋಗಿಬಿಡೋಣ, ನಂಜುಂಡನ ಹಾಗೆ ತಪ್ಪಿಸಿಕೊಳ್ಳೋಣ ಎಂದೆ. “ಒಂದೇ ಸಲ ಬರೋದು ಕಣೋ” ಎಂದಳು. “ನಂಜುಂಡನ್ನ ನೋಡಿದೀಯಲ್ಲ. ನಾನು ಗೋಡೆ ನೋಡ್ಕೊಂಡು ಸಾಯ್ಲಾ?”

ಭಾನುವಾರ ಮನೆ ತುಂಬ ಜನ. ಟೀವಿಯ ಹಗ್ಗ ಬಿಚ್ಚಿದ್ದರು. ಒಲೆಯ ಮೇಲೆ ಹಾಲು ಕುದಿಯುತ್ತಿತ್ತು, ಹೆಂಗಸರು ಗೋಡಂಬಿ ಹುರಿಯುತ್ತಿದ್ದರು. ಅವ್ವನಿಗೆ ತಲೆಗೆ ಎರೆದು ಹಸಿರು ಸೀರೆ ಉಡಿಸಿದ್ದರು. ನಾನು ಅಂಗಡಿಗೆ ಹೋಗಿ ಹಳೆಯ ಟ್ಯೂಬುಗಳನ್ನು ಎರಡೂ ಕೈಗೆ ಮೊಳಕೈ ತನಕ ಸುತ್ತಿಕೊಂಡು, ತಂತಿ ಕತ್ತರಿಸುವ ಇಕ್ಕಳ ಸೊಂಟಕ್ಕೆ ಸಿಕ್ಕಿಸಿಕೊಂಡು ಸಂತೆ ಮೈದಾನಕ್ಕೆ ನಡೆದೆ. ಅದೇ ಕಂಬ. ಅಣ್ಣನ ಬೂಟಿನ ಗೀರು ಅದರ ಮೇಲೆ ಇನ್ನೂ ಇತ್ತು. ನಾನು ಲೈನು ತೆಗೆಸಲಿಲ್ಲ. ತೆಗೆಸಲು ನನ್ನ ಮಾತು ಯಾರು ಕೇಳುತ್ತಾರೆ? ಬಿಸಿಲಿತ್ತು, ಕಂಬ ಒಣಗಿತ್ತು. ಹತ್ತಿದೆ. ಇಡೀ ಊರಿಗೆ ಹೋಗುವ ದಪ್ಪ ವಯರನ್ನು ಹಿಡಿದು ಕತ್ತರಿಸಿದೆ.

ಊರಿನ ಟೀವಿಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚಿದವು. ಆಮೇಲೆ ಬಾಗಿಲುಗಳು ತೆರೆದವು. ಎಲ್ಲ ಬಾಗಿಲುಗಳೂ. ಅಣ್ಣ ಬಿದ್ದಾಗ ತೆರೆಯದ ಒಂದೊಂದು ಬಾಗಿಲನ್ನೂ ನಾನು ಮೇಲಿನಿಂದ ಗುರುತು ಹಿಡಿದೆ. ಮೈದಾನ ತುಂಬಿತು. ಗಂಡಸರು, ಹೆಂಗಸರು, ಬಾಯಿಗೆ ಪಾಯಸ ಮೆತ್ತಿಕೊಂಡ ಮಕ್ಕಳು. ಪುಟ್ಟರುದ್ರಪ್ಪನವರು ಸೊಸೆಯನ್ನೂ ಕರೆದುಕೊಂಡು ಬಂದಿದ್ದರು. ಛತ್ರಿ ಹಿಡಿದು ಮ್ಯಾನೇಜರ್ ಸದಾನಂದಪ್ಪನೂ ಬಂದ.

“ಲೇ ತಿಪ್ಪೇಶ, ನಿಮ್ಮನೇ ಕಂತೇ ಕಣೋ ಇವತ್ತು! ನೀನೇ ಕತ್ತರಿಸ್ತೀಯಲ್ಲೋ ಬುದ್ಧಿಗೇಡಿ!”

“ಶುರುವಾಗಾಕೆ ಹೊತ್ತಾತು, ಜೋಡ್ಸೋ!”

“ಅವತ್ತು ಎಲ್ಲಿದ್ರೋ ನೀವೆಲ್ಲ?” ಎಂದು ನಾನು ಕೂಗಿದೆ. “ಗಂಟಲು ಹರ್ಕೊಂಡೆ, ಒಬ್ಬನಾದ್ರೂ ಬಂದ್ರೇನ್ರೋ?”

ಅವರು ನಾಚಿಕೊಳ್ಳಲಿಲ್ಲ. ಒಬ್ಬ ಮುದುಕ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ ಸಹಜವಾಗಿ ಹೇಳಿದ. “ಮಹಾಸಂಚಿಕೆ ಇತ್ತಲ್ಲಪ್ಪ.”

ಆಗ ಗುಂಪು ಸರಿಯಿತು. ಅವ್ವ ಹಸಿರು ಸೀರೆಯಲ್ಲಿ ಓಡಿಬಂದಳು, ಹಿಂದೆ ಮಾಬೂಬಿ. ಅವ್ವ ಮೇಲೆ ನೋಡಿದಳು. ಅವಳ ಮುಖ ಏನಾಯಿತು ಎಂದು ನಾನು ಹೇಳಲಾರೆ. ಕಂಬದ ಮೇಲಿದ್ದವನು ನಾನೋ ಅಣ್ಣನೋ ಅವಳಿಗೆ ತಿಳಿಯುತ್ತಿರಲಿಲ್ಲ. ನಾನು ಕೂಗಿ ಬೇಡ ಬೇಡ ಅನ್ನುವಷ್ಟರಲ್ಲಿ ಅವಳು ಕಂಬವನ್ನು ಎರಡೂ ತೋಳಿನಿಂದ ತಬ್ಬಿ ಕೂತಳು.

“ಬಿಡವ್ವ! ಕಂಬ ಬಿಡು, ಕರೆಂಟೈತೆ!”

“ಹೊಡೀಲಿ. ಹೊಡೆದ್ರೆ ಇಬ್ರಿಗೂ ಹೊಡೀಲಿ.”

“ಮಾಬಮ್ಮಾ, ಎಳ್ಕೋ ಅವಳನ್ನ!”

ಮಾಬೂಬಿ ಎಳೆದಳು, ಅವ್ವ ಬಿಡಲಿಲ್ಲ. “ನಿನ್ನ ಕಾಲಿಗೆ ಬೀಳ್ತೀನಿ ತಿಪ್ಪ, ವಯರು ಜೋಡಿಸಿ ಇಳಿ. ಒಬ್ಬನ್ನ ಹೊತ್ಕೊಂಡೇ ಉಸಿರು ಹೋಗ್ತೈತೆ ನನಗೆ. ನೀನು ಹಂಗೇ ಇಳಿದ್ರೆ ನಾನು ಇಲ್ಲಿಂದ ಏಳಲ್ಲ. ಇಲ್ಲೇ ಈ ಕಂಬದ ಬುಡದಾಗೇ ಇರ್ತೀನಿ, ಅವನು ಬಿದ್ದ ಜಾಗದಾಗೇ.”

ಅವಳು ಹೇಳಿದರೆ ಮಾಡುವವಳು. ನನಗೆ ಗೊತ್ತು.

ವಯರಿನ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ಬಿಡಿಸಿದೆ. ನಡುವಿನ ತಾಮ್ರದ ಎಳೆ ಮುರಿಯಬಾರದು, ಹೊರಗಿನ ತಂತಿಬಲೆ ಅದಕ್ಕೆ ತಾಗಬಾರದು ಎಂದು ಅಣ್ಣನೇ ಕಲಿಸಿದ್ದ. ಹಾಗೆಯೇ ಮಾಡಿದೆ. ಅಣ್ಣ ಕಲಿಸಿದ ಕೆಲಸದಿಂದಲೇ ಅಣ್ಣನನ್ನು ಊರಿಗೆ ಕೊಟ್ಟೆ. ಎಳೆ ಎಳೆಗೆ ಸೇರಿದ ಕೂಡಲೇ ಕೆಳಗೆ ಮನೆಗಳೊಳಗಿನಿಂದ ಸಂಗೀತ ಎದ್ದಿತು. “ಬಂತು, ಬಂತು” ಎಂದು ಜನ ಓಡಿದರು. ಹುಡುಗರು ಅವ್ವನನ್ನು ಕೈಹಿಡಿದು ಕರೆದುಕೊಂಡು ಹೋದರು. ನಾನು ಇಳಿದಾಗ ಮೈದಾನದಲ್ಲಿ ಒಂದು ನಾಯಿ ಇತ್ತು, ಯಾರೋ ಚೆಲ್ಲಿದ ಪಾಯಸ ನೆಕ್ಕುತ್ತಿತ್ತು.

ನಾನು ನೋಡಲಿಲ್ಲ. ಮನೆಯ ಹಿಂದೆ ಬಚ್ಚಲ ಕಟ್ಟೆಯ ಮೇಲೆ ಬೆನ್ನು ಹಾಕಿ ಕೂತಿದ್ದೆ. ಆದರೆ ಕೇಳಿಸುತ್ತಿತ್ತು. ಯಾವನೋ ಅಣ್ಣನ ಮಾತು ಆಡುತ್ತಿದ್ದ. “ಮುಚ್ಚಿಡಮ್ಮ, ಬಂದು ಊಟ ಮಾಡ್ತೀನಿ.” ಅಣ್ಣ ಜನ್ಮದಲ್ಲಿ ಅಮ್ಮ ಅಂದವನಲ್ಲ. ಮುದ್ದೆಯ ಬದಲು ಚಪಾತಿ ಇಟ್ಟಿದ್ದರಂತೆ, ಆಮೇಲೆ ತಿಳಿಯಿತು. ಗುಡುಗು ಹೊಡೆಯಿತು. ಊರೆಲ್ಲ ಒಟ್ಟಿಗೆ ಅತ್ತಿತು. ಮ್ಯಾನೇಜರನ ಪಾತ್ರ ಬಂದಾಗ ಊರೆಲ್ಲ ಒಟ್ಟಿಗೆ ಅವನಿಗೆ ಶಾಪ ಹಾಕಿತು. ಮಾಬೂಬಿ ಬಂದು ಸುಮ್ಮನೆ ನನ್ನ ಪಕ್ಕ ಕೂತಳು. ಅವಳೂ ನೋಡಿರಲಿಲ್ಲ.

ಮುಗಿದ ಮೇಲೆ ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹಿತ್ತಲಿಗೆ ಬಂದಳು. ಮುಖ ಹಗುರವಾಗಿತ್ತು. ಎಷ್ಟೋ ವರ್ಷ ಚಿಕ್ಕವಳಾಗಿದ್ದಳು.

“ಇಲ್ಲೇನೋ ಮಾಡ್ತಿದೀಯ? ನೋಡಬೇಕಿತ್ತು ಕಣೋ ನೀನು. ಪಾಪ, ಯಾರೋ ಹುಡುಗ. ಕಂಬದಿಂದ ಬಿದ್ದುಬಿಟ್ಟ.” ಒಳಗೆ ಹೋಗಿ ಒಣಗಿದ ಮುದ್ದೆಯ ತಟ್ಟೆಯನ್ನು ಎತ್ತಿ ಮೂಗು ಮುರಿದಳು. “ಇದೇನಿದು ಗಲೀಜು, ಯಾರು ಬಿಟ್ಟಿದ್ದು” ಎಂದು ತಿಪ್ಪೆಗೆ ಸುರಿದು, ಬೂದಿ ಹಾಕಿ ಉಜ್ಜಿ ತೊಳೆದಳು. ಗೋಡೆಯ ಮೇಲಿನ ಅಣ್ಣನ ಫೋಟೋದಿಂದ ಹಾರವನ್ನೂ ತೆಗೆದಳು. “ಯಾರೋ ನಟನ ಫೋಟೋಗೆ ಹಾರ ಹಾಕಿದೀಯಲ್ಲೋ, ಬದುಕಿರೋ ಮನುಷ್ಯಂಗೆ” ಎಂದು ನನ್ನನ್ನು ಬೈದಳು.

ಆದರೂ ಸೋಮವಾರ ಅವಳನ್ನು ಕರೆದುಕೊಂಡು ಹೋದೆ. ಯಾಕೆ ಹೋದೆ ಎಂದು ಕೇಳಬೇಡಿ. ಎಲ್ಲೋ ಒಂದು ಮೂಲೆಯಲ್ಲಿ ಉಳಿದಿರಬಹುದು ಅಂದುಕೊಂಡೆ. ಪಂಚಾಯಿತಿ ಕಟ್ಟಡದಲ್ಲಿ ಸಾಹೇಬರು ಕೂತಿದ್ದರು. ಎದುರಿಗೆ ಸದಾನಂದಪ್ಪ.

“ಹೇಳಮ್ಮ” ಎಂದರು ಸಾಹೇಬರು. “ಆವತ್ತು ಫೋನಿನಲ್ಲಿ ಏನು ಮಾತಾಯ್ತು?”

ಅವ್ವ ಹೇಳಿದಳು. ಒಂದಕ್ಷರ ಬಿಡದೆ ಹೇಳಿದಳು. ಕರೆಂಟು ತೆಗೆಸೋ ಮಾತೇ ಬೇಡ ಅಂದದ್ದು, ಕಂಬ ನೆಂದಿದ್ದು, ಸಕ್ಕರೆ ಗೊಂಬೆ ಅಂದದ್ದು, ‘ನಾನಿದ್ದೀನಿ’ ಅಂದದ್ದು. ಸದಾನಂದಪ್ಪನ ರಾಗವನ್ನೂ ಹಾಗೇ ತೆಗೆದಳು. ಸಾಹೇಬರ ಪೆನ್ನು ಓಡುತ್ತಿತ್ತು. ಅವರು ಓಡಿಸುತ್ತಲೇ ಕೇಳಿದರು. “ಹೀಗೆ ಹೇಳಿದ್ದನ್ನ ನೀವೇ ಕೇಳಿದ್ರಾ?”

“ಹೂಂ ಸಾರ್. ನಿನ್ನೆ ಮಧ್ಯಾಹ್ನ. ‘ಸೆರಗಿನ ಗಂಟಿ’ನಲ್ಲಿ ಬಂತಲ್ಲ. ನೀವು ನೋಡ್ಲಿಲ್ವಾ?”

ಪೆನ್ನು ನಿಂತಿತು. ಸಾಹೇಬರು ನನ್ನ ಕಡೆ ನೋಡಿದರು, ಅವ್ವನ ಕಡೆ ನೋಡಿದರು, ಮೆಲ್ಲಗೆ ಪೆನ್ನಿನ ಕ್ಯಾಪು ಹಾಕಿದರು. “ನೋಡಿದೆ” ಎಂದರು. “ನಮ್ಮನೇಲೂ ನೋಡಿದ್ವಿ.”

“ನಾನಂತೂ ಅತ್ತೇಬಿಟ್ಟೆ ಸಾರ್” ಎಂದ ಸದಾನಂದಪ್ಪ. ನಾಟಕವಲ್ಲ. ಅವನ ಕಣ್ಣು ಇನ್ನೂ ಊದಿತ್ತು. ಅವನಿಗೂ ಇಳಿದುಹೋಗಿತ್ತು. “ಆ ಮ್ಯಾನೇಜರ್ ನನ್ಮಗನ್ನ ಗಲ್ಲಿಗೆ ಹಾಕ್ಬೇಕು.”

ನಾನು ಅವನ ಮೇಲೆ ಬಿದ್ದೆ. ಜವಾನರು ಹಿಡಿದು ಎಳೆದರು. ಅವನು ಏಟು ತಿಂದ ಕೆನ್ನೆ ಹಿಡಿದುಕೊಂಡು, ಇವನಿಗೆ ಏನಾಯಿತು ಎಂದು ಪ್ರಾಮಾಣಿಕವಾಗಿ ಕಂಗಾಲಾಗಿ ನನ್ನನ್ನು ನೋಡುತ್ತಿದ್ದ.

ಗಲಾಟೆ ತಣ್ಣಗಾದ ಮೇಲೆ ಸಾಹೇಬರು ಕಾಗದ ಕಟ್ಟುತ್ತ, ಅವ್ವನನ್ನು ಸುಮ್ಮನೆ ಕಳಿಸಬಾರದೆಂದೋ ಏನೋ ಹೇಳಿದರು. “ಆ ತಾಯಿ ಪಾತ್ರ ಮಾಡಿದೋಳು ಚೆನ್ನಾಗಿ ಮಾಡಿದ್ಲು ಅಲ್ವೇನಮ್ಮ? ಬಾಯಿ ಬಡ್ಕೊಂಡು ಅತ್ಲಲ್ಲ, ಎಲ್ರನ್ನೂ ಅಳಿಸಿಬಿಟ್ಳು.”

ಅವ್ವ ತಲೆ ಅಲ್ಲಾಡಿಸಿದಳು. “ಇಲ್ಲ ಸಾರ್. ಅದೊಂದು ಸರಿ ಮಾಡ್ಲಿಲ್ಲ ಅವ್ರು. ಅಷ್ಟು ಅಳಬಾರದಿತ್ತು. ಮಗ ಹೋದ ತಾಯಿ ಹಂಗೆ ಅಳಲ್ಲ. ಅಳಾಕೇ ಬರಲ್ಲ ಅವಳಿಗೆ. ಸುಮ್ನೆ ಕೂತಿರ್ತಾಳೆ. ಅವನು ಬಿಟ್ಟುಹೋದ ತಟ್ಟೆ ಮೇಲೆ ನೊಣ ಕೂರದಂಗೆ ನೋಡ್ಕೊಂಡು.”

ಸಾಹೇಬರು ಕಟ್ಟುತ್ತಿದ್ದ ಕಾಗದ ಕೆಳಗಿಟ್ಟರು.

“ಅದು ನಿಮಗೆ ಹೇಗೆ ಗೊತ್ತಮ್ಮ?” ಎಂದರು 	ಸಾಹೇಬರು.

ಅವ್ವ ಬಾಯಿ ತೆರೆದಳು. ಅವಳ ಬಲಗೈ ತಾನಾಗಿಯೇ ಎದ್ದು, ಗಾಳಿಯಲ್ಲಿ ಏನನ್ನೋ ಓಡಿಸುವ ಹಾಗೆ ಒಮ್ಮೆ ಆಡಿತು. ಅವಳು ಆ ಕೈಯನ್ನು ಬೇರೆ ಯಾರದ್ದೋ ಎಂಬಂತೆ ನೋಡಿದಳು, ಆಮೇಲೆ ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

“ಗೊತ್ತಿಲ್ಲ ಸಾರ್” ಎಂದಳು. “ಸುಮ್ನೆ ಹೇಳ್ದೆ.”